ಎಡಕ್ಕೆ ಡೆವಲಪರ್, ಬಲಕ್ಕೆ ಹೈಪೋ

ಗುಬ್ಬಿ
14 ಜುಲೈ 2024

ಅಪ್ಪನಿಗೆ,

ಪ್ರಿಂಟ್ ಹಾಕುವ ನಿಮ್ಮ ಹಳೇ ಎನ್‌ಲಾರ್ಜರ್ ಬಂದು ತಲುಪಿತು. ಅಂಜನ್ ಅದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಓಮ್ನಿಯ ಸೀಟಿನಲ್ಲಿ ಕೂರಿಸಿ, ಅದಕ್ಕೂ ಬೆಲ್ಟ್ ಹಾಕಿ ತಂದಿದ್ದ. "ಅಪ್ಪ ಏನಂದ್ರೋ?" ಎಂದು ಕೇಳಿದೆ. "ಏನೂ ಅನ್ಲಿಲ್ಲ ಕಣಕ್ಕ. ಅಟ್ಟದಿಂದ ಇಳ್ಸಿ, ಒರ್ಸಿ ಕೊಟ್ರು" ಎಂದ. ನೀವು ಏನೂ ಅನ್ನದಿರುವುದು ನನಗೆ ಹೊಸದಲ್ಲ, ಆದರೂ ಕೇಳಿದೆ.

ಫೋನಿನಲ್ಲಿ ಮಾತಾಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ಜಗಳ ಹತ್ತಿಕೊಳ್ಳುತ್ತದೆ. ಅದಕ್ಕೇ ಈ ಕಾಗದ. ಗುಬ್ಬಿಯಿಂದ ಕುಣಿಗಲ್‌ಗೆ ಬರಲು ಅಂಚೆಯವರಿಗೆ ನಾಲ್ಕು ದಿನ ಬೇಕು. ಅಷ್ಟರಲ್ಲಿ ನನ್ನ ಕೋಪವೂ ಸ್ವಲ್ಪ ಇಳಿದಿರುತ್ತದೆ.

ವಿಷಯ ಇಷ್ಟು. ನಮ್ಮ ಹೈಸ್ಕೂಲಿನ ಒಂಬತ್ತನೇ ಕ್ಲಾಸಿನ ಎಂಟು ಮಕ್ಕಳಿಗೆ ರೀಲು ಕ್ಯಾಮೆರಾದಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯುವುದು, ರೀಲು ತೊಳೆಯುವುದು, ಪ್ರಿಂಟ್ ಹಾಕುವುದು ಕಲಿಸಲು ಹೊರಟಿದ್ದೇನೆ. ಡ್ರಾಯಿಂಗ್ ಟೀಚರಿಗೆ ಈ ಉಸಾಬರಿ ಯಾಕೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕು ಮುಗಿಸಿದ್ದಾರೆ. ಹೆಡ್‌ಮಾಸ್ಟರ್ ರವೀಶ್ ಸಾರ್ ಮಾತ್ರ ಮೆಟ್ಟಿಲ ಕೆಳಗಿನ ಕೋಣೆ ಬಿಟ್ಟುಕೊಟ್ಟರು. ಅದಕ್ಕೂ ಒಂದು ಷರತ್ತು. ಜನವರಿ ಇಪ್ಪತ್ತಾರಕ್ಕೆ ಗೋಡೆಯ ಮೇಲೆ ಮಕ್ಕಳ ಫೋಟೊ ಇರಬೇಕು, ಇಲ್ಲದಿದ್ದರೆ ಕೋಣೆ ಮತ್ತೆ ವಾಲಿಬಾಲು, ಲೇಜಿಮು ಇಡುವುದಕ್ಕೆ.

ಕಷ್ಟ ಏನೆಂದರೆ ನನಗೇ ಬರುವುದಿಲ್ಲ. ಸ್ಟುಡಿಯೊದವರ ಮಗಳು, ಐವತ್ತು ವರ್ಷ, ಇವತ್ತಿನವರೆಗೆ ಒಂದು ರೀಲು ತೊಳೆದಿಲ್ಲ. ಯಾಕೆಂದು ನಿಮಗೆ ಗೊತ್ತು. ಹದಿನಾಲ್ಕನೇ ವಯಸ್ಸಿನಲ್ಲಿ ಕಾಫಿ ಲೋಟ ಹಿಡಿದುಕೊಂಡು ತುಮಕೂರಿನ ನಮ್ಮ ಸ್ಟುಡಿಯೊದ ಡಾರ್ಕ್‌ರೂಮಿನ ಬಾಗಿಲು ತೆಗೆದೆ. ಒಳಗೆ ನೀವು ಸಿ.ಎಸ್. ಪುರದ ನರಸಿಂಹಮ್ಮನ ಮದುವೆಯ ರೀಲು ತೊಳೆಯುತ್ತಿದ್ದಿರಿ. ಮೂರಕ್ಕೆ ಮೂರೂ ಹಾಳಾದವು. ಹೊರಗೆ ಕಾಯುತ್ತ ಕೂತಿದ್ದ ಅವಳ ಅಪ್ಪ ಚಿಕ್ಕರಂಗಯ್ಯನವರ ಎದುರಿಗೇ ನನ್ನ ಕೆನ್ನೆಗೆ ಹೊಡೆದು, "ಇನ್ಮೇಲೆ ಈ ಬಾಗಿಲ ಕಡೆ ಕಾಲಿಡ್ಬೇಡ" ಎಂದಿರಿ. ಇಡಲಿಲ್ಲ. ಐದು ವರ್ಷ ಕಳೆದ ಮೇಲೆ ಅಂಜನ್‌ನನ್ನು ಸ್ಟೂಲಿನ ಮೇಲೆ ನಿಲ್ಲಿಸಿಕೊಂಡು ಎಲ್ಲ ಕಲಿಸಿದಿರಿ. ಅವನು ಈಗ ಕುಣಿಗಲ್‌ನಲ್ಲಿ ಫ್ಲೆಕ್ಸ್ ಹೊಡೆದುಕೊಂಡು ಆರಾಮವಾಗಿದ್ದಾನೆ.

ನರಸಿಂಹಮ್ಮ ಈಗಲೂ ಗುಬ್ಬಿ ಸಂತೆಯಲ್ಲಿ ಸಿಕ್ಕರೆ, "ನನ್ ಮದ್ವೆ ಸುಟ್ಟೋಳು ಬಂದ್ಲು ನೋಡ್ರೇ" ಎಂದು ಪಕ್ಕದವರಿಗೆಲ್ಲ ತೋರಿಸಿ ನಗುತ್ತಾಳೆ. ನಾನೂ ನಗುತ್ತೇನೆ. ಅವತ್ತು ಮನೆಗೆ ಬಂದರೆ ಊಟ ಸೇರುವುದಿಲ್ಲ. ಅವಳ ಮೊಮ್ಮಗಳು ಭೂಮಿಕಾ ಈ ಎಂಟು ಮಕ್ಕಳಲ್ಲಿ ಒಬ್ಬಳು, ಏನು ಮಾಡಲಿ ಹೇಳಿ.

ಡೆವಲಪರ್ ಮಾಡುವ ಅಳತೆ ಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂದು ಬೇಕು. ನೀವೇ ಬಂದು ಒಂದು ದಿನ ನಿಂತು ತೋರಿಸಿದರೆ ಇನ್ನೂ ಒಳ್ಳೆಯದು. "ಹಾಳು ಮಾಡೀಯ" ಎನ್ನುವ ಒಂದು ಮಾತು ಬಿಟ್ಟು ಬೇರೆ ಏನಾದರೂ ಬರೆಯಿರಿ.

ಅರುಣಾ


ಕುಣಿಗಲ್
26 ಜುಲೈ 2024

ಅರುಣಾ,

ಅಳತೆ ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಬರೆದ ಕ್ರಮದಲ್ಲೇ ಕರಗಿಸು. ನೀರು ಕಾಯಿಸಿ ಆರಿಸಿರಬೇಕು. ಬೋರ್‌ವೆಲ್ ನೀರಾದರೆ ಫಿಲ್ಮಿನ ಮೇಲೆ ಬಿಳಿ ಕಲೆ ಕೂರುತ್ತದೆ.

ಮೊದಲು ಡೆವಲಪರ್. ಅದು ಚಿತ್ರ ಎಬ್ಬಿಸುತ್ತದೆ. ನಡುವೆ ನೀರು. ಆಮೇಲೆ ಹೈಪೋ. ಅದು ಚಿತ್ರವಾಗದೆ ಉಳಿದದ್ದನ್ನೆಲ್ಲ ತೆಗೆದುಹಾಕುತ್ತದೆ. ಹೈಪೋ ಆಗುವವರೆಗೆ ಬೆಳಕು ಸೋಕಬಾರದು.

ಕತ್ತಲಲ್ಲಿ ಕೈಗೆ ಅಭ್ಯಾಸವಾಗಬೇಕು. ಎಡಕ್ಕೆ ಡೆವಲಪರ್, ಬಲಕ್ಕೆ ಹೈಪೋ. ಯಾವತ್ತೂ ಬದಲಾಯಿಸಬೇಡ. ಬಾಟಲಿಗೆ, ಟ್ರೇಗೆ, ಎರಡಕ್ಕೂ ಚೀಟಿ ಅಂಟಿಸು. ಮೂಗನ್ನು ನಂಬಬೇಡ.

ಬರಲು ಆಗುವುದಿಲ್ಲ. ಮಂಡಿ ನೋವು.

ಭೀಮರಾಜ್


ಗುಬ್ಬಿ
25 ಆಗಸ್ಟ್ 2024

ಅಪ್ಪನಿಗೆ,

ಮಗಳಿಗೆ ಬರೆದ ಕಾಗದಕ್ಕೆ "ಭೀಮರಾಜ್" ಎಂದು ಸಹಿ ಹಾಕಿದ್ದೀರಿ. ರಸೀದಿ ಕೊಟ್ಟ ಹಾಗಿದೆ. ಇರಲಿ, ಅಳತೆ ಸರಿಯಾಗಿತ್ತು.

ಈ ಮಕ್ಕಳನ್ನು ಕಟ್ಟಿಕೊಂಡು ನನಗೆ ತಲೆ ಕೆಟ್ಟಿದೆ. ಚೈತನ್ಯ ಎನ್ನುವವನು ಮೊದಲ ಫೋಟೊ ತೆಗೆದವನೇ ಕ್ಯಾಮೆರಾ ತಿರುಗಿಸಿ ಬೆನ್ನು ನೋಡಿದ. "ಮೇಡಂ, ಎಲ್ಲಿ ಕಾಣ್ಸುತ್ತೆ ಫೋಟೊ?" ಎಂದ. ಕಾಣಿಸುವುದಿಲ್ಲ, ಹದಿನೈದು ದಿನ ತಡಿ ಎಂದೆ. "ಹದ್ನೈದ್ ದಿನಾನಾ! ಚೆನ್ನಾಗ್ ಬರ್ದಿದ್ರೆ ಡಿಲೀಟ್ ಹೆಂಗ್ ಮಾಡೋದು?" ಎಂದು ಕೇಳಿದ. ಮೂವತ್ತಾರು ಫೋಟೊ ಬರುವ ರೀಲನ್ನು ಒಬ್ಬಳು ಹುಡುಗಿ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಮುಗಿಸಿದಳು, ಮೂವತ್ತಾರರಲ್ಲೂ ಅವಳ ಗೆಳತಿಯ ಜಡೆ.

ಕಿಟಕಿಗೆ ಕಪ್ಪು ಕಾಗದ ಅಂಟಿಸಿದರೆ ಮಧ್ಯಾಹ್ನದ ಬಿಸಿಲಿಗೆ ಅಂಟು ಬಿಟ್ಟುಕೊಳ್ಳುತ್ತದೆ. ಡೆವಲಪರ್ ಕಾದು ಬೆಚ್ಚಗಾಗುತ್ತದೆ, ಅದನ್ನು ಮಡಕೆ ನೀರಿನಲ್ಲಿ ಇಳಿಬಿಡಬೇಕು. ಕರೆಂಟು ಇದ್ದರೆ ನೀರಿಲ್ಲ, ನೀರಿದ್ದರೆ ಕರೆಂಟಿಲ್ಲ. ಮೊನ್ನೆ ಎರಡೂ ಇದ್ದವು, ಪ್ರಿಂಟು ಹಾಕುವ ಹೊತ್ತಿಗೆ ಸಿದ್ಧಾರ್ಥ್‌ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವನು ತೆಗೆದು "ಹಲೋ" ಎಂದ. ಆ ಬೆಳಕಿಗೆ ಹಾಳೆ ನಮ್ಮ ಕಣ್ಣೆದುರಿಗೇ ಕಪ್ಪಾಯಿತು.

ಆದರೆ ಒಂದು ಆಗಿದೆ. ನಮ್ಮ ಅಟೆಂಡರ್ ತಿಮ್ಮೇಶ್ ಗಂಟೆ ಹೊಡೆಯುತ್ತಿರುವ ಫೋಟೊವನ್ನು ಭೂಮಿಕಾ ತೆಗೆದಿದ್ದಳು. ಕೆಂಪು ಬಲ್ಬಿನ ಕೆಳಗೆ ಟ್ರೇಯಲ್ಲಿ ಹಾಳೆ ಆಡಿಸುತ್ತಿದ್ದಂತೆ ಮೊದಲು ಗಂಟೆ, ಆಮೇಲೆ ಕೈ, ಆಮೇಲೆ ಮೀಸೆ ಎದ್ದು ಬಂತು. ಎಂಟೂ ತಲೆ ಟ್ರೇಯ ಮೇಲೆ ಬಾಗಿದವು. ನನಗೆ ಅಳು ಬಂತು, ಕತ್ತಲಿದ್ದದ್ದು ಒಳ್ಳೆಯದಾಯಿತು. ಇದನ್ನು ನೋಡಲು ನನಗೆ ಐವತ್ತು ವರ್ಷ ಬೇಕಾಯಿತಲ್ಲ ಎಂದು ನಿಮ್ಮ ಮೇಲೆ ಸಿಟ್ಟೂ ಬಂತು.

ಭೂಮಿಕಾಳ ಕೈ ಚೆನ್ನಾಗಿದೆ. ಕಣ್ಣು ಮುಚ್ಚಿಕೊಂಡೇ ರೀಲು ಸುತ್ತುತ್ತಾಳೆ. ನೀವು ಬಂದು ನೋಡಬೇಕಿತ್ತು.

ಅರುಣಾ


ಗುಬ್ಬಿ
13 ಅಕ್ಟೋಬರ್ 2024

ಅಪ್ಪನಿಗೆ,

ಇದನ್ನು ಹೇಗೆ ಬರೆಯುವುದೋ ಗೊತ್ತಾಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆಯುಧಪೂಜೆಗೆ ಡಾರ್ಕ್‌ರೂಮಿನಲ್ಲೂ ಪೂಜೆ ಮಾಡೋಣ ಎಂದು ಮಕ್ಕಳೇ ಆಸೆಪಟ್ಟರು. ಹೂವು, ಬೂದುಗುಂಬಳ ತೆಗೆದುಕೊಂಡು ಬರುತ್ತೇನೆ ಎಂದು ನಾನು ಹೇಳಿದ್ದೆ. ನಾನು ಹೋಗುವ ಮೊದಲೇ ತಿಮ್ಮೇಶನ ಹತ್ತಿರ ಬೀಗದ ಕೈ ಇಸಿದುಕೊಂಡು ಕೋಣೆ ತೆಗೆದು, ತೊಳೆದು, ರಂಗೋಲಿ ಹಾಕಿ ಎಲ್ಲ ಅಲಂಕಾರ ಮುಗಿಸಿದ್ದರು. ಎನ್‌ಲಾರ್ಜರಿಗೆ ಮೂರು ಬೆರಳು ವಿಭೂತಿ, ಕುಂಕುಮ. ಅದರ ಕೊರಳಿಗೆ ಸೇವಂತಿಗೆ ಹಾರ. ಹಾರದ ಜೊತೆಗೆ, ಒಂದರ ಪಕ್ಕ ಒಂದು, ಆರು ರೀಲು.

ಎರಡು ತಿಂಗಳಿಂದ ತೆಗೆದ ಫೋಟೊ ಅವು. ಬೆಳ್ಳಾವಿ ಸಂತೆ, ಗುಬ್ಬಿ ಬಸ್‌ಸ್ಟ್ಯಾಂಡು, ಹಾಸ್ಟೆಲಿನ ಅಡುಗೆಮನೆ. ರಜೆ ಮುಗಿದ ಮೇಲೆ ತೊಳೆಯೋಣ ಎಂದು ಇಟ್ಟಿದ್ದೆ. ಡಬ್ಬಿಯಿಂದ ಪೂರ್ತಿ ಹೊರಗೆಳೆದು ಮಾಲೆ ಮಾಡಿ ಹಾಕಿದ್ದರು, ಬಾಗಿಲೂ ಕಿಟಕಿಯೂ ಹಾರು ಹೊಡೆದಿದ್ದವು.

"ಯಾರ್ರೋ ಇದನ್ನ ಎಳ್ದಿದ್ದು?" ಎಂದು ಕಿರುಚಿದೆ. ಭೂಮಿಕಾ ಮುಂದೆ ಬಂದಳು. "ನಾನೇ ಮೇಡಂ. ಫೋಟೊ ತೆಗ್ದಾಗಿತ್ತಲ್ಲ, ಇನ್ನೇನಾಗುತ್ತೆ ಅನ್ಕಂಡೆ. ಬರೀ ಡಬ್ಬಿಗ್ ಪೂಜೆ ಮಾಡಿ ಒಳಗಿರೋದನ್ನ ಬಿಟ್ರೆ ಒಳ್ಳೇದಲ್ಲ ಅಂತ" ಎಂದಳು. ನನ್ನ ಕೈ ಮೇಲೆದ್ದಿತ್ತು, ಅಪ್ಪ. ಹೊಡೆಯಲಿಲ್ಲ. ಆದರೆ ಎದ್ದ ಕೈಯನ್ನು ಅವಳು ನೋಡಿದಳು, ಹಿಂದಕ್ಕೆ ಸರಿದಳು. "ಇನ್ಮೇಲೆ ಈ ಬಾಗಿಲ ಕಡೆ ಕಾಲಿಡ್ಬೇಡ" ಎಂದುಬಿಟ್ಟೆ. ಒಂದು ಅಕ್ಷರ ಆಚೀಚೆ ಇಲ್ಲದೆ ನಿಮ್ಮ ಮಾತು ನನ್ನ ಬಾಯಿಂದ ಬಂತು.

ತಪ್ಪು ನನ್ನದು. ತೆಗೆದ ಮೇಲೂ ರೀಲು ಬೆಳಕಿಗೆ ಬರಬಾರದೆಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಏನಾದರೂ ಉಳಿದಿರಬಹುದೆಂದು ಆರನ್ನೂ ತೊಳೆದು ನೋಡಿದೆ. ಆರೂ ಕಪ್ಪು. ಕಿಟಕಿಗೆ ಹಿಡಿದರೆ ಬಿಸಿಲು ಕೂಡ ಆಚೆಯಿಂದ ಕಾಣುವುದಿಲ್ಲ. ಇದನ್ನು ಉಳಿಸುವ ದಾರಿ ಏನಾದರೂ ಇದೆಯೇ? ಬೇಗ ಬರೆಯಿರಿ.

ಅರುಣಾ


ಕುಣಿಗಲ್
19 ಅಕ್ಟೋಬರ್ 2024

ಅರುಣಾ,

ಬೆಳಕು ತಗುಲಿದ ರೀಲು ಕಪ್ಪಾಗುತ್ತದೆ. ಉಳಿಸುವ ದಾರಿ ಇಲ್ಲ. ಹೊಸ ರೀಲು ಅಂಜನ್ ಕೈಯಲ್ಲಿ ಕಳಿಸಿದ್ದೇನೆ.

ಆ ಹುಡುಗಿಯನ್ನು ವಾಪಸ್ ಕರೆ. ಅವಳಾಗಿ ಬರಲಿ ಎಂದು ಕಾಯಬೇಡ, ಹಾಗೆ ಅನ್ನಿಸಿಕೊಂಡ ಮಕ್ಕಳು ಬರುವುದಿಲ್ಲ. ನೀನೇ ಅವಳ ಮನೆಗೆ ಹೋಗು. ಈ ಕಾಗದ ಕೈಗೆ ಬಂದ ದಿನವೇ ಹೋಗು.

ಭೀಮರಾಜ್


ಗುಬ್ಬಿ
24 ನವೆಂಬರ್ 2024

ಅಪ್ಪನಿಗೆ,

ನಿಮ್ಮ ಕಾಗದ ಬಂದ ಸಂಜೆಯೇ ಸಿ.ಎಸ್. ಪುರದ ಬಸ್ಸು ಹತ್ತಿದೆ. ಭೂಮಿಕಾ ಒಳಗೆ ಹೋಗಿ ಕೂತವಳು ಹೊರಗೆ ಬರಲಿಲ್ಲ. ನರಸಿಂಹಮ್ಮನೇ ರೆಟ್ಟೆ ಹಿಡಿದು ಕರೆತಂದು ನನ್ನೆದುರು ನಿಲ್ಲಿಸಿದಳು. "ನೀನ್ ನನ್ ಮದ್ವೆ ಸುಟ್ಟೆ, ನನ್ ಮೊಮ್ಮಗ್ಳು ನಿನ್ ಇಸ್ಕೂಲ್ ರೀಲ್ ಸುಟ್ಲು. ಸರಿಗ್ ಸರಿ ಆಯ್ತು ಬುಡು" ಎಂದು ನಕ್ಕಳು. ಎಲ್ಲರೂ ನಕ್ಕರು, ಭೂಮಿಕಾ ಕೂಡ. ನಾನು ಕಾಫಿ ಕುಡಿದು ಎದ್ದು ಬಂದೆ. ಅವಳು ಮಾರನೇ ದಿನವೇ ಕ್ಲಾಸಿಗೆ ಬಂದಳು.

ನೀವು ಯಾರ ಮನೆಗೂ ಹೋಗಿ ಯಾರನ್ನೂ ಕರೆದವರಲ್ಲ. ನನಗೆ ಮಾತ್ರ ಹೋಗು ಎಂದು ಬರೆಯುತ್ತೀರಿ. ಒಳ್ಳೆಯ ಬುದ್ಧಿಮಾತು, ಯಾರು ಹೇಳಿದರೆ ಏನು.

ಈಗ ಹೊಸ ತಲೆನೋವು. ನಿನ್ನೆ ಚೈತನ್ಯನೂ ಸಿದ್ಧಾರ್ಥನೂ ಸೇರಿ ಒಂದು ರೀಲು ತೊಳೆದರು. ಬೆಳಕು ಬಿಟ್ಟಿಲ್ಲ ಎಂದು ಇಬ್ಬರೂ ಆಣೆ ಇಡುತ್ತಾರೆ. ತೆಗೆದು ನೋಡಿದರೆ ಪೂರ್ತಿ ಗಾಜು. ಒಂದು ಗೆರೆ ಇಲ್ಲ, ಒಂದು ಕಪ್ಪು ಚುಕ್ಕೆ ಇಲ್ಲ. ಅಂಚಿನಲ್ಲಿ ಕಂಪನಿಯವರು ಹಾಕಿರುವ ನಂಬರುಗಳೂ ಇಲ್ಲ. ಇದು ಯಾವ ತಪ್ಪಿನಿಂದ ಆಗುತ್ತದೆ? ಹಿಂದೆ ಎಲ್ಲೋ ಇಂಥದ್ದೇ ಫಿಲ್ಮು ನೋಡಿದ್ದೇನೆ ಎನ್ನಿಸುತ್ತಿದೆ, ಎಲ್ಲಿ ಎಂದು ನೆನಪಿಗೆ ಬರುತ್ತಿಲ್ಲ.

ಗೋಡೆಗೆ ಹಾಕುವಂಥ ಪ್ರಿಂಟು ಇವತ್ತಿಗೆ ಬರೀ ನಾಲ್ಕಿವೆ.

ಅರುಣಾ


ಗುಬ್ಬಿ
10 ಡಿಸೆಂಬರ್ 2024

ಅಪ್ಪನಿಗೆ,

ಎರಡು ವಾರ ಮೇಲಾಯಿತು. ಮಂಡಿ ನೋವು ಎಂದಿರಿ, ಕೈಗೇನಾಗಿದೆ? ನಿನ್ನೆ ಮತ್ತೊಂದು ರೀಲು ಹಾಗೇ ಗಾಜಾಯಿತು. ರವೀಶ್ ಸಾರ್ ಬಂದು ಎತ್ತಿ ಹಿಡಿದು, "ಇದೇನ್ ಮೇಡಂ, ಪ್ಲಾಸ್ಟಿಕ್ ತೊಳೀತಿದೀರಾ?" ಎಂದರು. ಮಕ್ಕಳೆಲ್ಲ ಅಲ್ಲೇ ಇದ್ದರು. ಏನು ಕಾರಣ ಎಂದು ಒಂದು ಸಾಲು ಬರೆದರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ಅರುಣಾ


ಕುಣಿಗಲ್
19 ಡಿಸೆಂಬರ್ 2024

ಅರುಣಾ,

ಹೈಪೋವನ್ನು ಮೊದಲು ಹುಯ್ದಿದ್ದಾರೆ. ಬಾಟಲಿಯ ಚೀಟಿ ಉದುರಿದೆಯೇ ನೋಡು.

ಕಪ್ಪಾದರೆ ಬೆಳಕು. ಗಾಜಾಗಿ, ಅಂಚಿನ ನಂಬರೂ ಹೋಗಿದ್ದರೆ ಹೈಪೋ. ಬೇರೆ ಕಾರಣ ಇಲ್ಲ. ಹೈಪೋ ಎಲ್ಲವನ್ನೂ ತೆಗೆದುಹಾಕಿದ ಮೇಲೆ ಬಾಗಿಲು ತೆಗೆದರೂ ಒಂದೇ, ಮುಚ್ಚಿದ್ದರೂ ಒಂದೇ.

ಇಷ್ಟು ಬರೆಯಲು ನನಗೆ ಇಪ್ಪತ್ತು ದಿನ ಹಿಡಿಯಿತು. ಬೇರೆ ಏನಾದರೂ ಕಾರಣ ಬರೆದು ಕಳಿಸಬಹುದಿತ್ತು. ಆದರೆ ಮಕ್ಕಳಿಗೆ ತಪ್ಪು ಕಲಿಸಿದ ಹಾಗಾಗುತ್ತದೆ. ನೀನು ಆ ಫಿಲ್ಮು ಎಲ್ಲಿ ನೋಡಿದ್ದೀಯ ಎಂದು ನನಗೆ ಗೊತ್ತು.

ಭೀಮರಾಜ್


ಗುಬ್ಬಿ
27 ಡಿಸೆಂಬರ್ 2024

ಅಪ್ಪ,

ಚೀಟಿ ಉದುರಿತ್ತು. ಸಿದ್ಧಾರ್ಥ್ ವಾಸನೆ ನೋಡಿ ಹುಯ್ದನಂತೆ.

ನನ್ನ ಹತ್ತಿರ ಒಂದು ಹಳೇ ಜಾಮಿಟ್ರಿ ಬಾಕ್ಸ್ ಇದೆ. ಅವತ್ತು ಸಂಜೆ ಸ್ಟುಡಿಯೊದ ಕಸದಬುಟ್ಟಿಯಿಂದ ನರಸಿಂಹಮ್ಮನ ಮದುವೆಯ ಫಿಲ್ಮು ಒಂದು ಗೇಣುದ್ದ ಎತ್ತಿಕೊಂಡು ಬಂದು ಅದರಲ್ಲಿ ಇಟ್ಟಿದ್ದೆ. ನಾನು ಹಾಳು ಮಾಡಿದ್ದು ನನ್ನ ಕಣ್ಣೆದುರಿಗೆ ಇರಲಿ ಎಂದು. ಶೆಟ್ಟಿಹಳ್ಳಿಯ ನಮ್ಮ ಹಳೇ ಮನೆ ಬಿಟ್ಟಾಗಲೂ ಅದು ಜೊತೆಗೆ ಬಂತು, ಮದುವೆಯಾದಾಗಲೂ ಬಂತು. ಎಷ್ಟೋ ವರ್ಷದಿಂದ ತೆರೆದಿರಲಿಲ್ಲ, ನಿಮ್ಮ ಕಾಗದ ಓದಿ ಅಟ್ಟದ ಮೇಲಿಂದ ಇಳಿಸಿ ತೆಗೆದೆ. ಕಿಟಕಿಗೆ ಹಿಡಿದೆ. ಎದುರುಮನೆಯ ತುಳಸಿಗಿಡದ ಎಲೆ ಒಂದೊಂದೂ ಕಂಡಿತು. ಅಂಚಿನಲ್ಲಿ ನಂಬರಿಲ್ಲ.

ನಾನು ಬಾಗಿಲು ತೆಗೆದದ್ದಕ್ಕೆ ಹೋಗಿದ್ದರೆ ಅದು ಕಪ್ಪಾಗಬೇಕಿತ್ತು. ಮೂವತ್ತಾರು ವರ್ಷ ಅದನ್ನು ಇಟ್ಟುಕೊಂಡು, ಸುಟ್ಟ ರೀಲು ಅಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದೆ. ಯಾಕೆಂದರೆ ಕಪ್ಪಾದ ರೀಲು ಹೇಗಿರುತ್ತದೆ ಎಂದು ನೋಡಲು ನೀವು ನನ್ನನ್ನು ಒಳಗೆ ಬಿಟ್ಟಿರಲಿಲ್ಲ.

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೊಳ್ಳಿ. ಕೆನ್ನೆ ಏಟಲ್ಲ ನನಗೆ ನೋವು. ಅಷ್ಟು ವರ್ಷ ನಾನು ಯಾವ ಹೊಸ ಸಾಮಾನು ಮುಟ್ಟುವಾಗಲೂ ನನ್ನ ಕೈಯಲ್ಲಿ ಕೆಡುತ್ತದೆ ಎಂದೇ ಮುಟ್ಟಿದ್ದೇನೆ. ಮಿಕ್ಸಿಯಿಂದ ಹಿಡಿದು ಮಗುವಿನ ತನಕ. ಭೂಮಿಕಾಳ ಮೇಲೆ ಕೈ ಎತ್ತಿದ್ದು ಆ ಕೈಯೇ.

ನನ್ನನ್ನು ಕ್ಷಮಿಸು ಎಂದು ಕಾಗದದಲ್ಲಿ ಬರೆದು ಕಳಿಸಬೇಡಿ, ಹರಿದು ಹಾಕುತ್ತೇನೆ. ಮೊದಲು ನರಸಿಂಹಮ್ಮನ ಮನೆಗೆ ಹೋಗಿ ಹೇಳಿ. ಚಿಕ್ಕರಂಗಯ್ಯನವರು ಇಲ್ಲ, ಅವಳಾದರೂ ಕೇಳಿಸಿಕೊಳ್ಳಲಿ. ಸಂತೆಯಲ್ಲಿ ಅವಳ ಬಾಯಿ ಮುಚ್ಚಬೇಕು. ಅದಾದ ಮೇಲೆ ನನ್ನ ಹತ್ತಿರ ಮಾತು.

ಅರುಣಾ


ಕುಣಿಗಲ್
11 ಜನವರಿ 2025

ಅರುಣಾ,

ಹೋಗಿದ್ದೆ. ಅಂಜನ್‌ಗೆ ನಿನ್ನ ಕಾಗದ ಕೊಟ್ಟೆ. ಓದಿದವನೇ ಗಾಡಿ ತೆಗೆದ.

ನಡೆದದ್ದು ಇಷ್ಟು. ಆ ಮೇ ತಿಂಗಳು ಮದುವೆ ಮೇಲೆ ಮದುವೆ. ನನಗೆ ನೆಗಡಿಯಾಗಿತ್ತು. ಬೆಳಗ್ಗೆ ಮೇಜು ಒರೆಸಿದವನು ಟ್ರೇಗಳನ್ನು ಅದಲು ಬದಲು ಇಟ್ಟಿದ್ದೆ. ನನಗೆ ಚೀಟಿ ಬೇಡ, ಮೂಗೇ ಸಾಕು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಕಾಲ. ಮೂರೂ ರೀಲು ಎಡಗಡೆಯ ಟ್ರೇಯಲ್ಲಿ ಆಡಿಸಿ, ಬಲಗಡೆಯದಕ್ಕೆ ಕೈ ಹಾಕಿದಾಗ ಬೆರಳು ಜಾರಿತು. ಜಾರುವುದು ಡೆವಲಪರ್. ಕತ್ತಲಲ್ಲೇ ಗೊತ್ತಾಗಿಹೋಯಿತು. ಹೊರಗೆ ಚಿಕ್ಕರಂಗಯ್ಯ ಕೂತಿದ್ದಾರೆ, ಏನು ಹೇಳುವುದು ಎಂದು ನಿಂತಿದ್ದೆ. ಆಗ ನೀನು ಬಾಗಿಲು ತೆಗೆದೆ.

ಕೋಪದಲ್ಲಿ ಹೊಡೆದದ್ದಲ್ಲ. ನಿನ್ನನ್ನು ನೋಡಿದ ತಕ್ಷಣ ದಾರಿ ಸಿಕ್ಕಿತು ಎಂದು ಹೊಡೆದೆ. ಎರಡು ದಿನ ಕಳೆದ ಮೇಲೆ ಹೇಳೋಣ ಎಂದುಕೊಂಡೆ. ಆಮೇಲೆ ಹೇಳಲಾಗಲಿಲ್ಲ. ಒಳಗೆ ಬಿಡದೆ ಇದ್ದದ್ದು ನೀನು ಕೆಡಿಸುತ್ತೀಯ ಎಂದಲ್ಲ. ನಿನ್ನ ಕಣ್ಣು ಚುರುಕು, ನಾಲ್ಕು ರೀಲು ತೊಳೆಯುವಷ್ಟರಲ್ಲಿ ನಿನಗೆ ಗೊತ್ತಾಗಿಬಿಡುತ್ತಿತ್ತು. ಅದಕ್ಕೆ.

ನರಸಿಂಹಮ್ಮ "ಕುಂತ್ಕಳಿ" ಎಂದು ಚಾಪೆ ಹಾಕಿದವಳು ನಾನು ಹೇಳಿ ಮುಗಿಸುವಷ್ಟರಲ್ಲಿ ಎದ್ದು ನಿಂತಳು. "ಮೂವತ್ತಾರ್ ವರ್ಸ ಆ ಯಮ್ಮನ್ನ ಸಂತೇಲ್ ನಿಲ್ಸಿ ಆಡ್ಕಂಡ್ನಲ್ಲ ನಾನು. ಒಂದ್ ದಿನಾನಾದ್ರೂ ಬಂದು ಬ್ಯಾಡ ಕಣಮ್ಮ ಅನ್ಬಾರ್ದಾಗಿತ್ತಾ ನೀವು?" ಎಂದಳು. ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು. ಅಂಜನ್‌ಗೆ ಲೋಟ ಕೊಟ್ಟಳು. ನನಗೆ ಕೊಡಲಿಲ್ಲ. "ನಿಮ್ಗಿಲ್ಲ. ಮೊದ್ಲು ನಿಮ್ ಮಗಳ್ತಾವ ಹೋಗ್ ಬನ್ನಿ, ಆಮ್ಯಾಕ್ ಕೊಡ್ತೀನಿ" ಎಂದಳು.

ಇಪ್ಪತ್ತೈದನೇ ತಾರೀಖು ಶನಿವಾರ ಬರುತ್ತೇನೆ. ಮಂಡಿ ನೋವು ನಿಜವಾಗಿಯೂ ಇದೆ. ಬರುತ್ತೇನೆ.

ಅಪ್ಪ


ಗುಬ್ಬಿ
17 ಜನವರಿ 2025

ಅಪ್ಪನಿಗೆ,

ಕಾಗದ ಹರಿದು ಹಾಕಲಿಲ್ಲ. ಸಿಟ್ಟು ಹೋಗಿದೆ ಎಂದುಕೊಳ್ಳಬೇಡಿ. ನೀವು ಬಂದ ಮೇಲೂ ಸ್ವಲ್ಪ ದಿನ ಇರುತ್ತದೆ.

ಹದಿಮೂರು ಪ್ರಿಂಟು ಆಗಿವೆ. ಹದಿನಾಲ್ಕನೆಯದು ಬಾಕಿ. ಕಳೆದ ವಾರ ಭೂಮಿಕಾ ಅವಳ ಅಜ್ಜಿ ತಾತನಿಗೆ ಒಳ್ಳೇ ಸೀರೆ, ಪಂಚೆ ಉಡಿಸಿ, ಅಂಗಳದಲ್ಲಿ ಅಕ್ಕಪಕ್ಕ ನಿಲ್ಲಿಸಿ ಒಂದು ಪೂರ್ತಿ ರೀಲು ತೆಗೆದಿದ್ದಾಳೆ. ಮದುವೆ ಫೋಟೊ ಅಂತೆ. ಅದನ್ನು ಇನ್ನೂ ತೊಳೆದಿಲ್ಲ, ಶನಿವಾರಕ್ಕೆ ಇಟ್ಟಿದ್ದೇನೆ. ತೊಳೆಯುವುದು ನಾನು. ನೀವು ಕೈ ಹಾಕಬಾರದು, ಪಕ್ಕದಲ್ಲಿ ನಿಂತು ನೋಡಬೇಕು.

ಬೆಳಗಿನ ಕ್ಲಾಸು ಬಿಟ್ಟ ಮೇಲೆ ಹನ್ನೆರಡು ಗಂಟೆಗೆ ಬನ್ನಿ. ಮೆಟ್ಟಿಲ ಕೆಳಗೆ ಬಲಕ್ಕಿರುವ ಕೋಣೆ. ಬಾಗಿಲು ಹಾಕಿದ್ದರೆ ಒಳಗೆ ಮಕ್ಕಳು ಕೆಲಸದಲ್ಲಿರುತ್ತಾರೆ. ತಳ್ಳಬೇಡಿ, ತಟ್ಟಿ. ಹೊರಗೆ ಒಂದು ಬೆಂಚು ಹಾಕಿಸಿದ್ದೇನೆ, ನಾನು ಬಂದು ತೆಗೆಯುವ ತನಕ ಅದರ ಮೇಲೆ ಕೂತು ಕಾಯುತ್ತಿರಿ.

ಅರುಣಾ